ಪದಚರ್ಚೆ: ಮೆಡಿಚಿಗಳ ಚೀಟಿಯನ್ನು 'ಹುಂಡಿ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಹದಿನೈದನೇ ಶತಮಾನದಲ್ಲಿ ಬ್ಯಾಂಕು ನಡೆಸುತ್ತಿದ್ದ, ಇಟಲಿಯ ಫ್ಲಾರೆನ್ಸಿನ ಮೆಡಿಚಿ ಮನೆತನದ ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಅವರ ಬ್ಯಾಂಕಿನ ಜೀವವೇ 'ಲೆತ್ತೆರಾ ದಿ ಕಾಂಬಿಯೊ' ಎಂಬ ಚೀಟಿ. ನಮ್ಮ ಹಳೇ ವ್ಯಾಪಾರಿಗಳ ಹಣದ ಚೀಟಿಗೂ ಹುಂಡಿ ಎನ್ನುತ್ತಿದ್ದರಲ್ಲ, ಹಾಗಾಗಿ ನಾನು 'ಹುಂಡಿ' ಎಂದು ಬರೆದೆ. ಓದಿದ ತಂಗಿ, "ಇಟಲಿಯವರೂ ದೇವರ ಹುಂಡಿ ಇಡ್ತಿದ್ರಾ?" ಅಂದಳು!

ಅವಳದ್ದೇನೂ ತಪ್ಪಿಲ್ಲ. ಈಗ ಹುಂಡಿ ಎಂದರೆ ಬೀಗ ಹಾಕಿದ ಕಾಣಿಕೆ ಡಬ್ಬಿ. ಮೈಸೂರು ಕಡೆಯವರಿಗಂತೂ ಊರಿನ ಹೆಸರಿನ ಬಾಲ. (ಮೆಡಿಚಿಗಳ ದೊಡ್ಡ ಗಿರಾಕಿ ಪೋಪ್. ಆ ಲೆಕ್ಕದಲ್ಲಿ ದೇವರ ದುಡ್ಡು ಅನ್ನೋದೂ ಪೂರ್ತಿ ಸುಳ್ಳಲ್ಲ.)

ಚೀಟಿಯ ಕೆಲಸ ಹೀಗೆ: ಫ್ಲಾರೆನ್ಸಿನಲ್ಲಿ ಒಬ್ಬನಿಗೆ ಬ್ಯಾಂಕು ಫ್ಲೋರಿನ್ (ಅಲ್ಲಿನ ಚಿನ್ನದ ನಾಣ್ಯ) ಕೊಡುತ್ತದೆ. ಅವನು ಲಂಡನ್ನಿನಲ್ಲಿರುವ ತನ್ನ ಕಡೆಯವನಿಗೆ, 'ಅಲ್ಲಿರುವ ಬ್ಯಾಂಕಿನ ಕಡೆಯ ಇಂಥವರಿಗೆ ಇಷ್ಟು ಸ್ಟರ್ಲಿಂಗ್ (ಇಂಗ್ಲೆಂಡಿನ ಹಣ) ಕೊಡು' ಎಂದು ಬರೆದುಕೊಡುತ್ತಾನೆ. ಗಡುವು ಮೂರು ತಿಂಗಳು. ಬಡ್ಡಿ ಪಾಪ ಎಂದು ಚರ್ಚು ಹೇಳುತ್ತಿತ್ತಲ್ಲ, ಹಾಗಾಗಿ ಚೀಟಿಯಲ್ಲಿ ಆ ಮಾತೇ ಇಲ್ಲ. ಲಾಭವೆಲ್ಲ ನಾಣ್ಯದ ದರದೊಳಗೆ ಅಡಗಿ ಕೂತಿರುತ್ತಿತ್ತು.

'ವಿನಿಮಯ ಪತ್ರ' ಎನ್ನಬಹುದು. ಆದರೆ ಪಠ್ಯಪುಸ್ತಕದ ವಾಸನೆ ಜಾಸ್ತಿ. ನಮ್ಮ ವ್ಯಾಪಾರಿಗಳಲ್ಲಿ ಕಂಡ ಕೂಡಲೇ ಹಣ ಕೊಡಬೇಕಾದ ದರ್ಶನಿ ಹುಂಡಿ, ಗಡುವಿಗೆ ಕೊಡುವ ಮುದ್ದತಿ ಹುಂಡಿ ಎಂದು ಎರಡಿದ್ದವು. ಮೆಡಿಚಿಗಳದ್ದು ಎರಡನೆಯದಕ್ಕೆ ಹತ್ತಿರ ಅಲ್ವಾ?

ಇನ್ನೊಂದು ತೊಡಕು 'ದಿಸ್ಕ್ರೆತ್ಸಿಯೊನೆ'. ಠೇವಣಿ ಇಟ್ಟ, ಚರ್ಚಿನ ಹಿರಿಯ ಗುರುಗಳಾದ ಕಾರ್ಡಿನಲ್‌ಗಳಿಗೂ ಬಡ್ಡಿ ಎಂದು ಹೇಳಿ ಕೊಡುವಂತಿರಲಿಲ್ಲ. ಬ್ಯಾಂಕಿನವರು ಮನಸ್ಸಿಗೆ ಬಂದಷ್ಟು ಕೊಟ್ಟ ಉಡುಗೊರೆ ಎಂಬ ಲೆಕ್ಕ. ಸದ್ಯಕ್ಕೆ 'ಇನಾಮು' ಎಂದಿದ್ದೇನೆ. ಆದರೆ ಇನಾಮು ಎಂದ ಕೂಡಲೇ ಜಮೀನು ನೆನಪಾಗುತ್ತದೆ.

ಏಳುಬೀಳಿನ ಭಾಗಕ್ಕೆ ಪದದ ಬರವಿಲ್ಲ. 1397ರಲ್ಲಿ ಜೊವಾನ್ನಿ ಶುರು ಮಾಡಿದ. ಮಗ ಕೊಸಿಮೊ ಬೆಳೆಸಿದ. ಕೊಸಿಮೊನ ಮೊಮ್ಮಗ ಲೊರೆಂಜೊಗೆ ರಾಜಕೀಯದ ಮೇಲೇ ಕಣ್ಣು. ಬ್ರೂಜ್ (ಈಗಿನ ಬೆಲ್ಜಿಯಂನ ಊರು) ಶಾಖೆಯ ಮುಖ್ಯಸ್ಥ ಪೊರ್ತಿನಾರಿ, ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಕೈಬಿಚ್ಚಿ ಸಾಲ ಕೊಟ್ಟ. 1477ರಲ್ಲಿ ಚಾರ್ಲ್ಸ್ ಯುದ್ಧದಲ್ಲಿ ಸತ್ತ, ಸಾಲ ನೀರಿಗೆ ಬಿತ್ತು. 1494ರಲ್ಲಿ ಲೊರೆಂಜೊನ ಮಗ ಪಿಯೆರೊ ಊರು ಬಿಟ್ಟು ಓಡಿದ, ಬ್ಯಾಂಕೂ ಮುಚ್ಚಿತು. ಅಲ್ಲಿ ಸುಮ್ನೆ 'ಪಾಪರ್ ಆಯಿತು' ಎಂದು ಬರೆದಿದ್ದೇನೆ. ತಂಗಿಯೂ ತಕರಾರು ತೆಗೆಯಲಿಲ್ಲ.

'ಮುದ್ದತಿ ಹುಂಡಿ' ಈಗಿನ ಓದುಗರಿಗೆ ತಿಳಿಯುತ್ತದೆಯೇ? ನಿಮ್ಮ ಕಡೆ ಮಂಡಿಯಲ್ಲಿ ಹಳಬರು ಬೇರೆ ಏನಾದರೂ ಅನ್ನುತ್ತಿದ್ದರೆ ದಯವಿಟ್ಟು ತಿಳಿಸಿ.