ಓದುಗರ ಸ್ಪಂದನ: ಆ ಕಾದಂಬರಿ ಬರೆದೋಳು ನಾನೇ ಅಂತ ಹೇಳ್ಲಾ ಬೇಡ್ವಾ?

ಹೋದ ಸಲ ಒಬ್ಬ ಓದುಗರ ಪತ್ರ ಹಾಕಿದ್ವಿ. ಓದದೇ ಇದ್ದವರಿಗೆ ಚಿಕ್ಕದಾಗಿ ಹೇಳೋದಾದ್ರೆ, ಇವರು ಮನೇಲಿ ಯಾರಿಗೂ ಗೊತ್ತಿಲ್ಲದ ಹಾಗೆ ಒಂದು ಹಾಸ್ಯ ಕಾದಂಬರಿ ಬರೆದು, ಗಂಡಸಿನ ಹೆಸರಿಟ್ಕೊಂಡು ಮೊಬೈಲ್ ಆ್ಯಪ್ ಒಂದರಲ್ಲಿ ಧಾರಾವಾಹಿಯಾಗಿ ಹಾಕಿದಾರೆ. ಕತೆಯ ನಾಯಕಿ ಆಫೀಸಲ್ಲಿ ಗತ್ತಿನ ಮೇಡಂ, ಮನೇಲಿ ಬಾಯಿಲ್ಲದ ಸೊಸೆ, ಇನ್‌ಸ್ಟಾಗ್ರಾಂನಲ್ಲಿ ಮುಖ ತೋರಿಸದೆ ಡಯಟ್ ಟಿಪ್ಸ್ ಕೊಡೋ ಬಳುಕೋ ಬಳ್ಳಿ. ನಿಜದಲ್ಲಿ ಮಾತ್ರ ಗ್ರೂಪ್ ಫೋಟೋ ಅಂದ ತಕ್ಷಣ ಹ್ಯಾಂಡ್‌ಬ್ಯಾಗನ್ನ ಹೊಟ್ಟೆಗೆ ಅಡ್ಡ ಹಿಡ್ಕೊಂಡು ಹಿಂದಿನ ಸಾಲಿಗೆ ಓಡೋಳು. ಮುಕ್ಕಾಲು ಪಾಲು ತನ್ನದೇ ಕತೆ, ಆ ಡಯಟ್ ಅಕೌಂಟೂ ಸೇರಿ, ಅಂತಾರೆ ಬರೆದವರು. ಇವರ ನಾದಿನಿ ಆ ಕಾದಂಬರಿಯ ದೊಡ್ಡ ಅಭಿಮಾನಿ. ‘ಅತ್ತಿಗೆ, ಇದ್ರಲ್ಲಿರೋ ನಾದಿನಿ ಎಷ್ಟು ಕೊಂಕು ಮಾತಾಡ್ತಾಳೆ ನೋಡಿ, ಸದ್ಯ ನಮ್ಮನೇಲಿ ಹಂಗಿಲ್ಲ’ ಅಂತ ಇವರಿಗೇ ಓದಿ ಹೇಳಿ ನಗ್ತಾಳಂತೆ. ಈಗ ಪುಸ್ತಕ ಮಾಡ್ತೀವಿ, ನಿಜವಾದ ಹೆಸರು, ಹಿಂಬದಿ ಕವರ್‌ಗೆ ಫೋಟೋ ಕೊಡಿ ಅಂತ ಪ್ರಕಾಶಕರು ಕೇಳಿದಾರೆ. ಕೊಡ್ಬೇಕಾ?

ತುಂಬಾ ಉತ್ತರ ಬಂದಿವೆ. ಮೊದಲು ಬಂದಿದ್ದೇ ಮೊದಲು.

ನೇರ ಮಾತಿನವರು:
ಹೇಳೋ ಧೈರ್ಯ ಇಲ್ದಿದ್ರೆ ನಾದಿನಿ ಬಗ್ಗೆ ಬರೀಬಾರ್ದಿತ್ತು. ಬರ್ದಾಗಿದೆ, ಇನ್ನು ಹೇಳಿ. ಇದ್ರಲ್ಲಿ ಕೇಳೋದೇನಿದೆ?

*ಸ್ವಲ್ಪ ಖಾರ ಆಯ್ತು, ಆದ್ರೂ ಪೂರ್ತಿ ಹಾಕಿದೀವಿ. ಮುಂದಿನವರು ನಿವೃತ್ತ ಲೈಬ್ರರಿಯನ್.*

ಪುಸ್ತಕದ ಹುಳು:
ಅಮ್ಮಾ, ಹೆಸರು ಮುಚ್ಚಿಡೋದು ಅಪರಾಧ ಏನಲ್ಲ. ನಮ್ಮ ತ್ರಿವೇಣಿ ಅವರ ಹೆಸರು ಅನಸೂಯಾ ಶಂಕರ್ ಅಂತ ಎಷ್ಟು ಓದುಗರಿಗೆ ಗೊತ್ತಿತ್ತು? 1847ರಲ್ಲಿ ‘ಜೇನ್ ಐರ್’ ಅನ್ನೋ ಇಂಗ್ಲಿಷ್ ಕಾದಂಬರಿ ಬಂದಾಗ ಕವರ್ ಮೇಲಿದ್ದಿದ್ದು ಕರರ್ ಬೆಲ್ ಅನ್ನೋ ಹೆಸರು, ಬರೆದ ಶಾರ್ಲೆಟ್ ಬ್ರಾಂಟೆಯ ಸ್ವಂತ ಅಪ್ಪನಿಗೇ ಗೊತ್ತಿರ್ಲಿಲ್ಲ, ಪುಸ್ತಕ ಗೆದ್ದು ವಿಮರ್ಶೆ ಎಲ್ಲಾ ಬಂದ ಮೇಲೆ ಪುಸ್ತಕಾನೂ ಆ ವಿಮರ್ಶೆಗಳನ್ನೂ ಕೈಲಿ ಹಿಡ್ಕೊಂಡು ಅಪ್ಪನ ಓದೋ ಕೋಣೆಗೆ ಹೋಗಿ ಹೇಳಿದ್ಲು. ಇನ್ನು ಜಾರ್ಜ್ ಎಲಿಯಟ್ ಅನ್ನೋ ಗಂಡಸಿನ ಹೆಸರಲ್ಲಿ ಬರೀತಿದ್ದ ಇಂಗ್ಲಿಷ್ ಲೇಖಕಿಯ ಕತೆ ಬೇರೆ. 1859ರಲ್ಲಿ ಅವಳ ಕಾದಂಬರಿ ಮನೆಮಾತಾದಾಗ ಲಿಗ್ಗಿನ್ಸ್ ಅನ್ನೋ ಗಂಡಸೊಬ್ಬನೇ ಅದನ್ನ ಬರೆದಿದ್ದು ಅಂತ ಸುದ್ದಿ ಹಬ್ಬಿ, ಅವನಿಗೋಸ್ಕರ ಚಂದಾ ಎತ್ತೋಕೂ ಜನ ಹೊರಟಿದ್ರು. ಆಮೇಲೆ ಮೇರಿ ಆ್ಯನ್ ಇವಾನ್ಸ್ ತಾನೇ ಜಾರ್ಜ್ ಎಲಿಯಟ್ ಅಂತ ಒಪ್ಕೋಬೇಕಾಯ್ತು. ಆದ್ರೂ ಮುಂದಿನ ಪುಸ್ತಕಗಳಿಗೆಲ್ಲ ಹಳೇ ಹೆಸರನ್ನೇ ಇಟ್ಕೊಂಡ್ಲು ನೋಡಿ. ಮನೆಯವರಿಗೆ ಹೇಳೋದು ಬೇರೆ, ಕವರ್ ಮೇಲೆ ಹಾಕೋದು ಬೇರೆ.

*ಆ ಕೊನೇ ವಾಕ್ಯವನ್ನ ಪತ್ರ ಬರೆದವರು ಇನ್ನೊಂದ್ಸಲ ಓದ್ಲಿ.*

ಬರೆಯುವ ಆಸೆಯವರು:
ನನ್ನ ಹತ್ರಾನೂ ಒಂದು ಕಾದಂಬರಿ ಇದೆ, ಹಾಸ್ಯ ಅಲ್ಲ ಸ್ವಲ್ಪ ದುಃಖದ್ದು. ಆ ಪ್ರಕಾಶಕರ ನಂಬರ್ ಸಿಗುತ್ತಾ? ಫೋಟೋ ಎಷ್ಟು ಬೇಕಾದ್ರೂ ಕೊಡ್ತೀನಿ.

ಒಬ್ಬ ಡಾಕ್ಟರ್:
ಕಾದಂಬರಿ ವಿಷಯ ನಿಮ್ಮಿಷ್ಟ. ಆದ್ರೆ ಆ ಡಯಟ್ ಅಕೌಂಟ್ ನಿಜವಾಗ್ಲೂ ಇದೆ ಅಂತೀರಲ್ಲ, ಅದನ್ನ ಇವತ್ತೇ ಕ್ಲೋಸ್ ಮಾಡಿ. ನಿಮ್ಮ ಟಿಪ್ಸ್ ನಂಬ್ಕೊಂಡು ಶುಗರ್ ಮಾತ್ರೆ ತಗೊಳ್ಳೋರು ಯಾರಾದ್ರೂ ಊಟ ಬಿಟ್ರೆ ಶುಗರ್ ದಿಢೀರ್ ಇಳಿದು ತಲೆ ಸುತ್ತಿ ಬೀಳ್ಬಹುದು, ಅದು ಹಾಸ್ಯ ಆಗಲ್ಲ.

*ಕೇಳಿದ ಪ್ರಶ್ನೆ ಇದಲ್ಲ. ಆದ್ರೂ ಬಿಡೋಕಾಗ್ಲಿಲ್ಲ. ಇನ್ನು ಒಂದು ಉದ್ದದ ಪತ್ರ, ಎಲ್ಲೂ ಕತ್ತರಿಸಿಲ್ಲ.*

ಹೆಸರು ಬೇಡ ಅಂದವರು:
ನಾನು ಬರೆಯೋಳಲ್ಲ, ಬರೆಸ್ಕೊಂಡೋಳು. ಕಾಲೇಜಿಂದ ಜೊತೇಲಿದ್ದ ಗೆಳತಿ ಒಬ್ಳು ಒಂದು ನಗೆಬರಹ ಬರೆದ್ಲು, ಅದರಲ್ಲಿ ಒಬ್ಬ ಹೆಂಗಸು ಫೋನ್ ಬಂದಾಗ ಮೊದಲು ಕನ್ನಡಿ ನೋಡಿ ಕೂದಲು ಸರಿ ಮಾಡ್ಕೊಂಡು ಆಮೇಲೆ ಹಲೋ ಅಂತಾಳೆ, ವಿಡಿಯೋ ಕಾಲ್ ಅಲ್ಲ ಮಾಮೂಲಿ ಕಾಲ್‌ಗೇ. ಅದು ನಾನು. ನಾನು ಹಂಗೆ ಮಾಡ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ, ಓದಿದ ಮೇಲೆ ಫೋನ್ ರಿಂಗ್ ಆದಾಗ ಕೈ ತಾನಾಗೇ ತಲೆ ಹತ್ರ ಹೋಗಿತ್ತು. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು, ನಾನೂ ನಗೋ ಇಮೋಜಿ ಹಾಕ್ದೆ, ಹಾಕ್ದೇ ಇದ್ರೆ ಅದು ನಾನೇ ಅಂತ ಗೊತ್ತಾಗ್ಬಿಡ್ತಿತ್ತಲ್ಲ. ಅವಳ ಮೇಲೆ ಸಿಟ್ಟು ಬಂದಿದ್ದು ಬರೆದಿದ್ದಕ್ಕಲ್ಲ ಕಣ್ರೀ, ಮೊದಲೇ ಫೋನ್ ಮಾಡಿ ‘ಏ ನಿನ್ನ ಬಗ್ಗೆ ಒಂದು ತರಲೆ ಬರ್ದಿದೀನಿ ಕಣೇ, ಬೈಬೇಡ’ ಅಂದಿದ್ರೆ ನಾನೇ ಎಲ್ಲರಿಗೂ ಕಳಿಸಿ ಮೆರೀತಿದ್ದೆ. ಅವಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ, ಈಗ ಹಬ್ಬಕ್ಕೊಂದು ಮೆಸೇಜ್ ಅಷ್ಟೇ.

ಇನ್ನೊಂದು ಮಾತು. ನಿಮ್ಮ ಕಾದಂಬರಿ ಹುಡುಕಿ ಓದ್ದೆ. ನಾದಿನಿ ಬಗ್ಗೆ ಬರೆದಿದ್ದು ಏನೂ ಅಲ್ಲ, ನಾಯಕಿಗೆ ನೀವು ಇಟ್ಟಿರೋ ಹೆಸರುಗಳಿವೆಯಲ್ಲ, ಗುಡಾಣ ಅಂತೆ, ನಡೆದಾಡೋ ಬೀರು ಅಂತೆ, ಯಾವ ನಾದಿನೀನೂ ಅಷ್ಟು ಬೈಯಲ್ಲ ಬಿಡಿ. ಅವಳು ಟ್ರಯಲ್ ರೂಮಲ್ಲಿ ಸಿಕ್ಕಾಕೊಂಡ ಕುರ್ತಾ ಬಿಚ್ಚೋಕಾಗ್ದೆ ಅದರ ಮೇಲೇ ದುಪಟ್ಟಾ ಹೊದ್ಕೊಂಡು ಬಿಲ್ ಮಾಡ್ಸೋ ಸೀನಿಗೆ ನಕ್ಕು ಕಣ್ಣಲ್ಲಿ ನೀರು ಬಂತು. ಅಲ್ಲಿ ಅವಳು ಗೆದ್ಲು. ಬೇರೆ ಕಡೆ ಎಲ್ಲಾ ನೀವೇ ಅವಳನ್ನ ಬೀಳಿಸ್ತಾ ಹೋಗಿದೀರಿ. ಪುಸ್ತಕ ಮಾಡೋ ಮುಂಚೆ ಅದನ್ನ ನೋಡಿ.

*ಇದಕ್ಕೆ ನಾವು ಸೇರಿಸೋದೇನಿಲ್ಲ.*

ಫೋಟೋ ಪ್ರಿಯ:
ಸಮಸ್ಯೆ ಹೆಸರಲ್ಲ ಮೇಡಂ, ಫೋಟೋ. ಹೆಸರಿಗೆ ನೀವು ಎರಡು ಸಾಲು ಬರೆದ್ರಿ, ಫೋಟೋಗೆ ಅರ್ಧ ಪತ್ರ. ಹ್ಯಾಂಡ್‌ಬ್ಯಾಗ್ ಸಮೇತ ತೆಗೆಸಿ, ಪುಸ್ತಕ ಚೆನ್ನಾಗಿ ಹೋಗುತ್ತೆ.

ನಾನೂ ಒಬ್ರ ನಾದಿನಿ:
ಅವಳಿಗೆ ಗೊತ್ತಾಗಿದೆ ರೀ. ಅಷ್ಟು ದೊಡ್ಡ ಕಾದಂಬರೀಲಿ ನಾದಿನಿ ಬರೋ ಭಾಗಾನೇ ಆರಿಸಿ, ಅದೂ ನಿಮ್ಮ ಮುಂದೆ ಕೂತು, ಜೋರಾಗಿ ಓದ್ತಾಳೆ ಅಂದ್ರೆ ಏನರ್ಥ? ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ನೀವು ಯಾವಾಗ ಬಾಯಿ ಬಿಡ್ತೀರಾ ಅಂತ ಕಾಯ್ತಿದಾಳೆ, ಎಂಜಾಯ್ ಮಾಡ್ಕೊಂಡು.

*ನಮಗೂ ಹಾಗೇ ಅನ್ನಿಸಿತ್ತು, ಬಾಯಿ ಬಿಟ್ಟು ಹೇಳಿರ್ಲಿಲ್ಲ. ಪತ್ರ ಬರೆದವರು ಪ್ರಕಾಶಕರಿಗೆ ಏನು ಹೇಳಿದ್ರು, ಅದಕ್ಕೂ ಮೊದಲು ಮನೇಲಿ ಏನು ಹೇಳಿದ್ರು ಅಂತ ಎರಡು ಸಾಲು ಬರೆದು ಕಳಿಸ್ಲಿ. ನಮಗೆ ಫೋಟೋ ಬೇಡ.*