ಮಗಳನ್ನು ವಿಮಾನದ ಲೈನಿಗೆ ಹಾಕಬೇಕು: ಟೂಲ್ ರೂಮ್ ಡಿಪ್ಲೊಮಾನಾ, ಏರೋನಾಟಿಕಲ್ ಬಿಇನಾ?

ಗೋಕಾಕದ ಅಪ್ಪ: ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ, ಗಣಿತದಲ್ಲಿ 91. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ (ಉಪಕರಣ, ಅಚ್ಚು ಮಾಡುವ ಕೋರ್ಸು) ಮಾಡಿಸಲೋ, ಪಿಯುಸಿ ಓದಿಸಿ ಏರೋನಾಟಿಕಲ್ ಬಿಇಗೆ ಕಳಿಸಲೋ? ವಿಮಾನದ ಬಿಡಿಭಾಗ ಮಾಡುವ ಹತ್ತರಗಿಯ ಎಸ್‌ಇಜಡ್ (ವಿಶೇಷ ಆರ್ಥಿಕ ವಲಯ) ನಮಗೆ ದೂರ ಅಲ್ಲ. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಇರುತ್ತದಾ? ಅನುಭವ ಇದ್ದವರು ಹೇಳಿ. ಸೋಮವಾರ ಅರ್ಜಿಗೆ ಕೊನೆ ದಿನ.

ಕಂತಿನ ಇಂಜಿನಿಯರ್: ಬಿಇ ಮಾತ್ರ ಬೇಡ. 2016ರಲ್ಲಿ ಮ್ಯಾನೇಜ್‌ಮೆಂಟ್ ಸೀಟು, ನಾಲ್ಕು ವರ್ಷಕ್ಕೆ ಫೀಸೇ 6 ಲಕ್ಷ 80 ಸಾವಿರ, ಪಿಜಿ ಬಾಡಿಗೆ ಬೇರೆ. ಹೊರಗೆ ಬರುವಾಗ ಕೋವಿಡ್. ಕ್ಯಾಂಪಸ್ಸಿಗೆ ಬಂದದ್ದು ಎರಡು ಕಂಪನಿ, ಎರಡೂ ಸಾಫ್ಟ್‌ವೇರಿನವು. ಡಿಸೈನ್ ಕೆಲಸಕ್ಕೆ ಹೋದರೆ ಕ್ಯಾಟಿಯಾ (ಡಿಸೈನ್ ಸಾಫ್ಟ್‌ವೇರ್) ಬರುತ್ತಾ ಅಂದರು. 38 ಸಾವಿರ ಕಟ್ಟಿ ಕಲಿತೆ. ಕಲಿತು ಹೋದರೆ ಎಕ್ಸ್‌ಪೀರಿಯನ್ಸ್ ಎಷ್ಟು ಅಂದರು. ಕೊನೆಗೆ ಆ ಕೆಲಸ ಸಿಕ್ಕಿದ್ದು ನನ್ನ ರೂಮ್‌ಮೇಟಿಗೆ, ಅವನು ಸಾದಾ ಮೆಕ್ಯಾನಿಕಲ್! ಈಗ ಬ್ಯಾಂಕ್ ಆ್ಯಪ್ ಟೆಸ್ಟ್ ಮಾಡುತ್ತೇನೆ. ಕಂತು 9,340, ಇನ್ನೂ 31 ಬಾಕಿ. ಹೆಬ್ಬಾಳದಲ್ಲಿ ತಲೆ ಮೇಲೆ ವಿಮಾನ ಹೋದರೂ ನೋಡುವುದಿಲ್ಲ.

ಸ್ಪಿಂಡಲ್ ಸಿದ್ದಪ್ಪ: ನಾನು ಟೂಲ್ ರೂಮಿನವನು, ಫೈವ್ ಆ್ಯಕ್ಸಿಸ್ ಮಷಿನ್ (ಐದು ಅಕ್ಷಗಳಲ್ಲಿ ಚಲಿಸಿ ಲೋಹ ಕಡಿಯುವ ಯಂತ್ರ) ಮೇಲೆ ಹನ್ನೊಂದು ವರ್ಷ. ಒಂದು ಕಥೆ ಕೇಳಿ. ಟೈಟಾನಿಯಂ ಬ್ರಾಕೆಟ್, 14 ಗಂಟೆಯ ಕೆಲಸ. ಹದಿಮೂರನೇ ಗಂಟೆಯಲ್ಲಿ ಟೂಲ್ ಬದಲಾಯಿಸಿದೆ, ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಹಾಕುವಾಗ 0.05 ಬದಲು 0.5 ಒತ್ತಿದೆ. ಸದ್ದಿನಲ್ಲೇ ಗೊತ್ತಾಯಿತು. ಒಂದು ಥರ ಗೊಗ್ಗರು ಸದ್ದು, ಕೂಲೆಂಟ್ ಒಳಗೆ ಬೆಳ್ಳಗೆ ಕಿಡಿ. ನಿಲ್ಲಿಸುವಷ್ಟರಲ್ಲಿ ಗೋಡೆ ತೆಳ್ಳಗಾಗಿತ್ತು. ಸಿಎಂಎಂ (ಅಳತೆ ನೋಡುವ ಯಂತ್ರ) ಮೇಲೆ ಇಟ್ಟರೆ ರಿಪೋರ್ಟಿನ ತುಂಬ ಕೆಂಪು. ಸ್ಕ್ರ್ಯಾಪ್. ಈ ಲೈನಿನಲ್ಲಿ ವೆಲ್ಡ್ ಹಾಕಿ ತೀಡಿ ಕಳಿಸೋ ಆಟ ಇಲ್ಲ, ಆ ತುಂಡಿಗೆ ಲೋಹ ಕರಗಿಸಿದ ಹೀಟ್ ನಂಬರಿಂದ ಹಿಡಿದು ಜಾತಕ ಇರುತ್ತದೆ. ಮೂರು ದಿನ ಬರೀ ಕಾರಣ ಬರೆದೆ. ಹಾಗೆ ಕಲಿತದ್ದು ಯಾವ ಬಿಇಯಲ್ಲಿ ಬರುತ್ತದೆ ಹೇಳಿ.

ಕಂತಿನ ಇಂಜಿನಿಯರ್: ಸಂಬಳ ಎಷ್ಟು ಅಂತಲೂ ಹೇಳಿಬಿಡಿ ಸ್ವಾಮಿ.

ಸ್ಪಿಂಡಲ್ ಸಿದ್ದಪ್ಪ: ನಿಮ್ಮ ಹಾಗೆ ಸಾಲ ಇಲ್ಲ, ಅಷ್ಟು ಸಾಕು. ಕಷ್ಟ ಬಂದಿಲ್ಲ ಅಂತಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ ಒಂದು 737 ಮ್ಯಾಕ್ಸ್ ಬಿತ್ತು, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಇನ್ನೊಂದು. ಜಗತ್ತಿನಾದ್ಯಂತ ಆ ವಿಮಾನ ಹಾರದಂತೆ ನಿಲ್ಲಿಸಿದರು. ಇಲ್ಲಿ ನಮ್ಮ ಓಟಿ (ಓವರ್‌ಟೈಮ್) ನಿಂತಿತು. ಅದು ಸರಿಯಾಗುವ ಮೊದಲೇ ಕೋವಿಡ್. ಎಂಟು ತಿಂಗಳು ಅರ್ಧ ಸಂಬಳ. ಹೆಂಡತಿಯ ಬಳೆ ಸೊಸೈಟಿಯಲ್ಲಿ, ಬಡ್ಡಿ ಸೇರಿ 71 ಸಾವಿರ ಕಟ್ಟಿ ಬಿಡಿಸಿದೆ.

ಹಳೇ ಫಿಟ್ಟರ್: ಮಷಿನ್ ಬಟನ್ ಒತ್ತೋದು ಕಸುಬಾ? ನಾನು 1979ರಲ್ಲಿ ಎಚ್‌ಎಎಲ್ ಸೇರಿದವನು. ಅಸೆಂಬ್ಲಿ. ರಿವೆಟ್ ಹೊಡೆಯುವವನು ಹೊರಗೆ, ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವವನು ಇನ್ನೊಬ್ಬ. ಮುಖ ಕಾಣಿಸಲ್ಲ, ತಟ್ಟಿ ತಟ್ಟಿ ಮಾತಾಡಬೇಕು. ಒಂದು ತಟ್ಟು ಅಂದರೆ ಇನ್ನೊಮ್ಮೆ ಹೊಡಿ, ಎರಡು ಅಂದರೆ ಸರಿಯಿದೆ. 2001ರ ಜನವರಿ 4ರಂದು ಎಲ್‌ಸಿಎ (ತೇಜಸ್ ಯುದ್ಧ ವಿಮಾನ) ಮೊದಲ ಸಲ ಹಾರಿದಾಗ ನಾವೆಲ್ಲ ಬೇಲಿ ಹತ್ತಿರ ನಿಂತಿದ್ದೆವು. ಬಾಲಣ್ಣ (ನನ್ನ ಜೊತೆಯವನು) ಅತ್ತುಬಿಟ್ಟ. ಐಟಿಐ ಮಾಡಿಸಿ, ಪರ್ಮನೆಂಟ್ ಆಗುತ್ತೆ.

ಕಂತಿನ ಇಂಜಿನಿಯರ್: ಪರ್ಮನೆಂಟಾ! ಸಾರ್, ಅದು ನಿಮ್ಮ ಕಾಲದ ಮಾತು. ನನ್ನ ತಮ್ಮ ಅಪ್ರೆಂಟಿಸ್ ಮುಗಿಸಿ ಈಗ ಗುತ್ತಿಗೆಯಲ್ಲಿದ್ದಾನೆ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆರ್ಡರ್.

ಹಳೇ ಫಿಟ್ಟರ್: ಗುಬ್ಬಿಯಲ್ಲಿ ಎಚ್‌ಎಎಲ್‌ನ 615 ಎಕರೆ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಗಿದೆ, ಪೇಪರ್ ಓದಿ.

ದ್ರಾಕ್ಷಿ ತೋಟ: ಎಕರೆ ಲೆಕ್ಕ ಹೇಳುವವರಿಗೆ ಒಂದು ಮಾತು. ದೇವನಹಳ್ಳಿ ಕಡೆ ನಮ್ಮಪ್ಪ ಎರಡೂವರೆ ಎಕರೆ ಕೊಟ್ಟರು. ಮನೆಗೊಂದು ಕೆಲಸ ಅಂದರು. ಕೆಲಸ ಸಿಕ್ಕಿತು, ಗೇಟಿನಲ್ಲಿ, ಸೆಕ್ಯುರಿಟಿ. ಒಳಗೆ ಹೋಗುವ ಇಂಜಿನಿಯರುಗಳ ಬ್ಯಾಗು ನೋಡುತ್ತಾನೆ ನನ್ನ ತಮ್ಮ. ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತು, ಸರ್ಕಾರ ಏರೋಸ್ಪೇಸ್ ಪಾರ್ಕಿಗೆ ಕೇಳಿದ್ದ 1,777 ಎಕರೆ ಉಳಿಸಿಕೊಂಡಿದ್ದು ಸುಮ್ನೆ ಅಲ್ಲ.

ಸ್ಪಿಂಡಲ್ ಸಿದ್ದಪ್ಪ: 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿದ್ದೇ ತಡ, ಆಂಧ್ರದವರು ನಮ್ಮಲ್ಲಿ ಜಾಗ ಇದೆ ಬನ್ನಿ ಅಂತ ಕರೆದರು. ಅಲ್ಲಿಗೇ ಯಾಕೆ, ಬೆಳಗಾವಿ ಕಡೆ ಬನ್ನಿ ಅಂತ ಯಾರಾದರೂ ಅಂದರಾ? ಎಲ್ಲವೂ ಬೆಂಗಳೂರಿಗೇ ಬೇಕು.

ದ್ರಾಕ್ಷಿ ತೋಟ: ಬರಲಿ, ನಿಮ್ಮ ಹೊಲ ಬರೆದುಕೊಡಿ. ಆಮೇಲೆ ಮಾತಾಡೋಣ.

ಗೋಕಾಕದ ಅಪ್ಪ: ಎಲ್ಲರಿಗೂ ವಂದನೆ. ರಾತ್ರಿ ಪಾಳಿ ವಿಷಯ ಯಾರೂ ಹೇಳಲಿಲ್ಲ.

ಹಳೇ ಫಿಟ್ಟರ್: ನಮ್ಮ ಕಾಲದಲ್ಲಿ ಪಾಳಿಗೆ ಸೈರನ್ ಕೂಗುತ್ತಿತ್ತು. ಸಿದ್ದಪ್ಪ, ಹೊಲದ ಮಾತು ಬಿಡಿ, ಆ ಬ್ರಾಕೆಟ್ ಸ್ಕ್ರ್ಯಾಪ್ ಆದಾಗ ಇನ್‌ಸ್ಪೆಕ್ಟರ್ ಎಲ್ಲಿದ್ದ? ನಮ್ಮಲ್ಲಾಗಿದ್ದರೆ ಆಫ್‌ಸೆಟ್ ಹಾಕುವಾಗ ಎರಡನೇ ಕಣ್ಣು ಇರಲೇಬೇಕಿತ್ತು.

ಸ್ಪಿಂಡಲ್ ಸಿದ್ದಪ್ಪ: ಇದ್ದ. ಅವನೂ 0.5 ಅಂತಲೇ ಓದಿ ಸಹಿ ಹಾಕಿದ್ದ.