ಅಪ್‌ಡೇಟ್: ಎಸ್‌ಎಂ7ಬಿ ಮೈಕ್‌ಗೆ ಪ್ರಿಆಂಪ್ ಬೇಕಾ ಅಂತ ಕೇಳಿದ್ದೆ
ಮನೆಯಲ್ಲಿ ಭಾವಗೀತೆ ರೆಕಾರ್ಡ್ ಮಾಡೋವಾಗ ಶೂರ್ ಎಸ್‌ಎಂ7ಬಿಗೆ ಗೇನ್ (ಸಿಗ್ನಲ್ ಹೆಚ್ಚಿಸೋ ಮಟ್ಟ) ಪೂರ್ತಿ ಏರಿಸಿದ್ರೆ ಹಿಸ್ (ಸುಯ್ ಅನ್ನೋ ಸದ್ದು) ಬರುತ್ತೆ, ಕಡಿಮೆ ಬೆಲೆಯ ಪ್ರಿಆಂಪ್ (ಮೈಕ್‌ನ ಸಣ್ಣ ಸಿಗ್ನಲ್ ಹೆಚ್ಚಿಸೋ ಸಾಧನ) ಹೇಳಿ ಅಂದಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪ್ರತ್ಯೇಕ ಪ್ರಿಆಂಪ್ ತಗೊಳ್ಳಲಿಲ್ಲ. ಈ ಮೈಕ್‌ನ ಔಟ್‌ಪುಟ್ ತುಂಬಾ ಕಡಿಮೆ, ಸುಮಾರು 60 ಡಿಬಿ ಗೇನ್ ಬೇಕು. ನನ್ನ ಹಳೇ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸೋ ಪೆಟ್ಟಿಗೆ) ಕೊಡೋದು 50. ಹಾಗಾಗಿ ಇವೆರಡರ ನಡುವೆ ಫೆಟ್‌ಹೆಡ್ ಅನ್ನೋ ಪುಟ್ಟ ಬೂಸ್ಟರ್ ಹಾಕಿದೆ. ಇಂಟರ್‌ಫೇಸ್ ಮೈಕ್ ಕೇಬಲ್‌ನಲ್ಲೇ ಕಳಿಸೋ 48 ವೋಲ್ಟ್ ವಿದ್ಯುತ್, ಅಂದ್ರೆ ಫ್ಯಾಂಟಮ್ ಪವರ್‌ನಲ್ಲೇ ನಡೆಯುತ್ತೆ, ಸುಮಾರು 27 ಡಿಬಿ ಸೇರಿಸುತ್ತೆ. ಈಗ ಮೆಲ್ಲಗೆ ಹಾಡಿದ ಪಲ್ಲವಿಯ ಹಿಂದೆಯೂ ಹಿಸ್ ಕೇಳಿಸ್ತಿಲ್ಲ, ನಿಜಕ್ಕೂ ಖುಷಿಯಾಯ್ತು!

ಗಮನಿಸಿ, ಸಾಮಾನ್ಯ ಫೆಟ್‌ಹೆಡ್ ಫ್ಯಾಂಟಮ್ ಪವರನ್ನು ಮೈಕ್‌ಗೆ ದಾಟಿಸಲ್ಲ. ಹಾಗಾಗಿ ಆ ಪವರ್ ಬೇಕಾಗೋ ಕಂಡೆನ್ಸರ್ ಮೈಕ್‌ಗೆ ಆಗಲ್ಲ. ಇಂಟರ್‌ಫೇಸನ್ನೇ ಹೊಸದಾಗಿ ಕೊಳ್ಳೋರು 69 ಡಿಬಿ ಗೇನ್ ಇರೋ ನಾಲ್ಕನೇ ತಲೆಮಾರಿನ ಸ್ಕಾರ್ಲೆಟ್ 2ಐ2 ನೋಡಿ, ಬೂಸ್ಟರ್ ಖರ್ಚು ಉಳಿಯುತ್ತೆ.